ಒಳ್ಳೆಯ ಮಾತು

“ಇವನ ಕೈಗೆ ಸ್ಪ್ಯಾನರ್ ಕೊಡೋದೂ ಒಂದೇ, ಮಂಗನ ಕೈಗೆ ಮಾಣಿಕ್ಯ ಕೊಡೋದೂ ಒಂದೇ! ಓದು ತಲೆಗೆ ಹತ್ತಲಿಲ್ಲ, ಕೆಲಸಾನೂ ಹತ್ತಲಿಲ್ಲ!” ಅಣ್ಣನ ಕೂಗಿಗೆ ಗ್ಯಾರೇಜಿನಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ತಮ್ಮ ಹಲ್ಲು ಕಚ್ಚಿ ನಿಂತ. ಅಣ್ಣ ಬೈಯುತ್ತಲೇ ಹಿಂದಕ್ಕೆ ಹೆಜ್ಜೆ ಇಟ್ಟ. ಹಿಂದೆ ಲಾರಿ ರಿಪೇರಿಯ ಗುಂಡಿಯಿತ್ತು. ಅದರ ಅಂಚಿಗೆ ತಲೆ ಬಡಿದ ಸದ್ದಿಗೆ ಬೈಗುಳ ನಿಂತಿತು.

ಆಸ್ಪತ್ರೆಗೆ ಬರುವಷ್ಟರಲ್ಲಿ ಅಣ್ಣ ಎದ್ದು ಕುಳಿತಿದ್ದ. ಡಾಕ್ಟರಮ್ಮ ಕಣ್ಣಿಗೆ ಟಾರ್ಚ್ ಬಿಟ್ಟರು. ಹೆಸರು ಕೇಳಿದರು, ವಾರ ಕೇಳಿದರು, ಎರಡೂ ಕೈಗೆ ಬೆರಳು ಕೊಟ್ಟು ಹಿಸುಕಿಸಿದರು. ಎಲ್ಲವೂ ಸರಿಯಿತ್ತು.

“ಪುಣ್ಯವಂತ. ಸ್ವಲ್ಪ ಹೊತ್ತು ನೋಡಿ ಮನೆಗೆ ಕಳಿಸೋಣ” ಎಂದಳು ನರ್ಸ್.

ಅಣ್ಣ ತಮ್ಮನ ಕೆನ್ನೆ ಸವರಿದ. “ಊಟ ಮಾಡ್ದೇನೋ, ಕಂದಾ? ಎಷ್ಟು ಸೊರಗಿದೀಯ.”

ತಮ್ಮ ಸರ್ರನೆ ಡಾಕ್ಟರಮ್ಮನ ಕಡೆ ತಿರುಗಿದ. “ಮೇಡಂ, ಇವನಿಗೆ ಏನೋ ಆಗಿದೆ.”

“ಏನಾಗಿದೆ?”

“ನನ್ನ ಹತ್ರ ಒಳ್ಳೆ ಮಾತಾಡ್ತಿದಾನೆ.”

ನರ್ಸ್ ಕಿಸಕ್ಕನೆ ನಕ್ಕಳು. ತಮ್ಮನಿಗೆ ರೇಗಿತು. “ನಗಬೇಡಿ! ಅಪ್ಪ ಸತ್ತ ದಿನಾನೂ ಇವನು ನನ್ನ ಹೀಗೆ ಮಾತಾಡಿಸಿಲ್ಲ. ಮನೆಗೆ ಕರ್ಕೊಂಡು ಹೋಗಲ್ಲ ನಾನು!”

ಡಾಕ್ಟರಮ್ಮ ನಗಲಿಲ್ಲ. ಮತ್ತೆ ಟಾರ್ಚ್ ಹಿಡಿದರು. ಈ ಕಣ್ಣು, ಆ ಕಣ್ಣು, ಮತ್ತೆ ಈ ಕಣ್ಣು. “ಬೆರಳು ಹಿಸುಕಿ” ಎಂದರು. ಎಡಗೈ ಹಿಸುಕಿತು, ಬಲಗೈ ಸುಮ್ಮನೆ ಬಿದ್ದುಕೊಂಡಿತ್ತು. “ಸ್ಕ್ಯಾನ್‌ಗೆ, ಬೇಗ!” ಸ್ಟ್ರೆಚರ್ ಓಡಿತು. ತಮ್ಮ ಪಕ್ಕದಲ್ಲೇ ಓಡಿದ. “ಬಿಸಿಲಲ್ಲಿ ಓಡಬೇಡ ಕಂದಾ” ಎಂದ ಅಣ್ಣ, ಮುಚ್ಚಿದ ಬಾಗಿಲುಗಳ ಆ ಕಾರಿಡಾರಿನಲ್ಲಿ. ಆಮೇಲೆ ಮಾತೇ ಇಲ್ಲ.

ತಲೆಬುರುಡೆಯೊಳಗೆ ರಕ್ತ ತುಂಬಿ ಮೆದುಳನ್ನು ಒತ್ತುತ್ತಿತ್ತು. ಆಪರೇಷನ್ ಆಯಿತು. ಬೆಳಗಾಯಿತು. ತಮ್ಮ ಮನೆಗೂ ಹೋಗಿರಲಿಲ್ಲ, ಮುಖವನ್ನೂ ತೊಳೆದಿರಲಿಲ್ಲ.

ತಲೆಗೆ ಪಟ್ಟಿ ಸುತ್ತಿಸಿಕೊಂಡ ಅಣ್ಣ ಕಣ್ಣು ಬಿಟ್ಟ. ಡಾಕ್ಟರಮ್ಮ ಬೆರಳು ಕೊಟ್ಟರು, ಬಲಗೈ ಹಿಸುಕಿತು. ಅಣ್ಣನ ಕಣ್ಣು ಮೆಲ್ಲಗೆ ಸುತ್ತಿ ತಮ್ಮನ ಮೇಲೆ ನಿಂತಿತು.

“ಏನೋ ಕಂಬದ ಥರ ನಿಂತಿದೀಯ? ಗ್ಯಾರೇಜ್ ನಿಮ್ಮ ತಾತ ಬಂದು ನೋಡ್ಕೋತಾನಾ? ದಂಡಪಿಂಡ!”

ವಾರ್ಡೆಲ್ಲ ತಿರುಗಿ ನೋಡಿತು. ಡಾಕ್ಟರಮ್ಮನ ಮುಖ ಅರಳಿತು. “ಈಗ ಹೇಳಪ್ಪಾ, ನಿಮ್ಮಣ್ಣ ಮೊದಲಿನ ಹಾಗೇ ಆದ್ರಲ್ವಾ?”

ತಮ್ಮ ಕೆನ್ನೆ ಮುಟ್ಟಿಕೊಂಡ. ಅಣ್ಣನ ಬೆರಳಿನಿಂದ ಮೆತ್ತಿದ್ದ ಗ್ರೀಸು ಇನ್ನೂ ಅಲ್ಲೇ ಇತ್ತು. ಅದನ್ನು ಒರೆಸದೆ ಹೊರಗೆ ನಡೆದ.