ಜುಲೈ ತಿಂಗಳ ಬೆಟ್ಟ

ಕೊಡಗಿನ ಆ ಬೆಟ್ಟದಲ್ಲಿ ಪ್ರತಿಧ್ವನಿ ಮರಳಲು ಐವತ್ತು ವರ್ಷ ಹಿಡಿಯುತ್ತಿತ್ತು. ಅದಕ್ಕೇ ಪ್ರವಾಸಿಗರು ತಿಂಗಳು ನೋಡಿ ಬರುತ್ತಿದ್ದರು.

"ಡಿಸೆಂಬರಿಗೆ ಬನ್ನಿ ಅಕ್ಕ. ಪುತ್ತರಿ ಹಬ್ಬದ ಹಳೇ ಹಾಡೆಲ್ಲ ಕೇಳ್ತದೆ. ಜುಲೈಲಿ ಬರೀ ಮಳೆ ಸದ್ದು," ಎಂದ ಮಾರ್ಗದರ್ಶಿ ಉತ್ತಯ್ಯ.

"ಜುಲೈಲೇ ಬರ್ತೇನೆ. ನಾನು ಹುಟ್ಟಿದ್ದು ಅಲ್ಲೇ, ಆಗಲೇ. ಅವ್ವ ಅವತ್ತೇ ತೀರಿಕೊಂಡ್ರು. ನನ್ನ ಮುಖ ನೋಡಿದ್ರೋ ಇಲ್ಲವೋ, ಯಾರೂ ಹೇಳಲಿಲ್ಲ," ಎಂದಳು ದೇಚಮ್ಮ.

ಐವತ್ತನೆಯ ಹುಟ್ಟುಹಬ್ಬದಂದು ಇಬ್ಬರೂ ಸುರಿಮಳೆಯಲ್ಲಿ ಬೆಟ್ಟ ಹತ್ತಿದರು. ಮಧ್ಯಾಹ್ನದವರೆಗೂ ಮಳೆಯದ್ದೇ ಮೊರೆತ. ಆಮೇಲೆ ಕಣಿವೆಯ ತುಂಬ ಎಳೆಗೂಸಿನ ಅಳು ಎದ್ದಿತು. ಅದರ ಬೆನ್ನಿಗೇ ದಣಿದ ಹೆಣ್ಣುದನಿಯೊಂದು ನಕ್ಕಿತು: "ಇಲ್ಲಿ ಕೊಡಿ, ನೋಡ್ತೇನೆ. ಅಯ್ಯೋ, ಎಷ್ಟು ಚೆಂದ ಇದ್ದಾಳೆ!"

ಉತ್ತಯ್ಯ ಟೋಪಿ ತೆಗೆದು ತಲೆತಗ್ಗಿಸಿದ. ದೇಚಮ್ಮ ಕಣಿವೆಯತ್ತ ತಿರುಗಿ, ಜೀವಮಾನದಲ್ಲಿ ಮೊದಲ ಸಲ, "ಅವ್ವಾ" ಎಂದು ಕೂಗಿದಳು.