ಬಾಗಿಲ ಮೇಲಿನ ಭರಮಣ್ಣ

ಮೂರನೆಯ ದಿನವೂ ಸ್ವಾಮಿಗಳು ಎಲ್ಲೂ ನಿಲ್ಲಲಿಲ್ಲ.

ಬಲಗೈಯನ್ನು ಹೆಗಲಿಗೆ ಮಡಚಿಟ್ಟು, ನೆಲ ನೋಡುತ್ತ ಬಸದಿಯ ಕಡೆಯಿಂದ ಬಂದರು. "ನಮೋಸ್ತು ಸ್ವಾಮೀ, ನಿಲ್ಲಿ, ನಿಲ್ಲಿ" ಎಂದು ಹೊಸ್ತಿಲು ಹೊಸ್ತಿಲಲ್ಲೂ ಜನ ಕೂಗಿದರು. ಒಂದೊಂದು ಮನೆಯ ಮುಂದೆಯೂ ಆ ದಿಗಂಬರ ಮುನಿ ಒಂದು ಗಳಿಗೆ ತಲೆಯೆತ್ತಿದರು. ಕೈಮುಗಿದವರ ತಲೆಯ ಮೇಲಿಂದ ಕಣ್ಣು ಹಾಯಿಸಿದರು. ಮತ್ತೆ ನೆಲ ನೋಡಿ ನಡೆದರು. ಬೀದಿಯ ಕೊನೆಯ ಮನೆ ಕಾಂಚನಮಾಲೆಯದು. ಅಲ್ಲಿ ಕೊಂಚ ಹೆಚ್ಚು ಹೊತ್ತೇ ನಿಂತರು. ಅಲ್ಲಿಂದಲೂ ತಿರುಗಿಬಿಟ್ಟರು.

ಮುನಿಗಳಿಗೆ ದಿನಕ್ಕೆ ಒಂದೇ ಊಟ. ಬೆಳಿಗ್ಗೆ ಮನಸ್ಸಿನಲ್ಲೇ ಒಂದು ಗುರುತು ಸಂಕಲ್ಪಿಸಿಕೊಂಡು ಹೊರಟರೆ, ಅದು ಕಂಡ ಮನೆಯಲ್ಲಿ ಮಾತ್ರ ಆಹಾರ. ಕಾಣದಿದ್ದರೆ ಆ ದಿನ ನೀರೂ ಇಲ್ಲ. ಗುರುತು ಏನೆಂದು ಮೊದಲೇ ಹೇಳುವಂತಿಲ್ಲ. ಹಾಗಾಗಿ ಹಳೇಬೀಡಿನ ಜೈನರ ಬೀದಿ ಮೂರು ದಿನದಿಂದ ಊಹೆಯಲ್ಲೇ ಬೇಯುತ್ತಿತ್ತು. ಒಬ್ಬರು ಕಳಶ ಹಿಡಿದರು, ಒಬ್ಬರು ಕಬ್ಬಿನ ಜಲ್ಲೆ. ಕೆರೆಗಿಳಿದು ತಾವರೆ ತಂದವರೂ ಉಂಟು.

"ನಾಳೆ ಮಾದಲಹಣ್ಣು ಹಿಡಿಯೋಣ ಕಣೇ, ಬಲಗೈಲಿ" ಎಂದ ಗಂಡ ಪ್ರಭಾಚಂದ್ರ. "ಬೇಲೂರು ಸಂತೇಲಿ ಸಿಕ್ಕೇ ಸಿಗುತ್ತೆ."

"ಹಣ್ಣಿನಂಗಡೀನೇ ಹೊತ್ಕೊಂಡು ನಿಂತ್ಕೊಳ್ಳಿ ರೀ" ಎಂದಳು ಕಾಂಚನಮಾಲೆ. ನಗು ಬರಲಿಲ್ಲ.

ಎದುರುಮನೆಯ ಅನುಸೂಯಮ್ಮ ಜಗುಲಿಯಿಂದಲೇ ಕೂಗಿದಳು: "ಕಾಂಚನಮ್ಮಾ, ನಿಮ್ ಬಾಗಿಲ ಮ್ಯಾಲಿನ ಭರಮಣ್ಣ ಆಗಿದ್ರೆ ಕರೀದೇನೇ ಒಳೀಕ್ ಬತ್ತಿದ್ದ. ನಿಮ್ ಸ್ವಾಮಿಗಳು ಇಷ್ಟು ಕರುದ್ರೂ ಬರಾಕಿಲ್ವಲ್ಲ!"

ಬಾಳೆಲೆ ಭರಮಣ್ಣ ಪತ್ರಿಕೆಯಲ್ಲಿ ದಿನಾ ಬರುವ ಮೂರು ಚೌಕದ ಚಿತ್ರಕಥೆಯವನು. ಕಂಕುಳಲ್ಲಿ ಸುತ್ತಿದ ಬಾಳೆಲೆ, ಮುಂದೆ ಹೊಟ್ಟೆ. ಯಾರ ಮನೆಯಲ್ಲಿ ಒಗ್ಗರಣೆ ಸಿಡಿದರೂ ಹಾಜರು. ಅದನ್ನು ಬರೆಯುತ್ತಿದ್ದಾತ ಕೈಬಿಟ್ಟು ಕೆಲವು ವರ್ಷಗಳೇ ಆಗಿದ್ದವು. ಸತ್ತನೆಂದರು, ದೇಶಾಂತರ ಹೋದನೆಂದರು. ಓದುಗರು ಬಿಡಲಿಲ್ಲ. ಪತ್ರಿಕೆಯವರು ಹಳೆಯವನ್ನೇ ಮತ್ತೆ ಮೊದಲಿನಿಂದ ಅಚ್ಚು ಹಾಕಿದರು. ಯುಗಾದಿ ಸಂಚಿಕೆಯೊಂದಿಗೆ ಭರಮಣ್ಣನ ಬಣ್ಣದ ಚಿತ್ರ ಕೊಟ್ಟಾಗಲಂತೂ ಅರಸೀಕೆರೆಯಿಂದ ಬೇಲೂರಿನವರೆಗೆ ಅವನಿಲ್ಲದ ಬಾಗಿಲಿಲ್ಲ.

ಈ ಮನೆಯಲ್ಲಿ ಅದನ್ನು ಅಂಟಿಸಿದವನು ಮಗ ನಾಗಕುಮಾರ. ಮರುವರ್ಷವೇ ಕಾಮಾಲೆಯಾಗಿ ಹೋಗಿಬಿಟ್ಟ.

ಅವನು ಹೋದರೂ ಅವನ ನಗು ಹೋಗಲಿಲ್ಲ. ಬೆಳಿಗ್ಗೆ ಅರಸೀಕೆರೆಯ ಬಸ್ಸಿಗೆ ಪತ್ರಿಕೆ ಬರುತ್ತಿತ್ತು. ಕಾಂಚನಮಾಲೆ ಜಗುಲಿಯಲ್ಲಿ ಕೂತು ಭರಮಣ್ಣನ ಪುಟ ತೆರೆಯುತ್ತಿದ್ದಳು. ಎಲ್ಲವೂ ಮಗ ಓದಿದ್ದ ಚಿತ್ರಗಳೇ. ಎರಡನೆಯ ಚೌಕದ ಹೊತ್ತಿಗೆ ಬಾಗಿಲ ಬಳಿ ಉಸಿರು ಬಿಗಿಹಿಡಿದ ಸದ್ದು. ಮೂರನೆಯದಕ್ಕೆ ನಗು, ಹಿಂದೆ ನಕ್ಕ ಜಾಗದಲ್ಲೇ. ತಿರುಗಿ ನೋಡಿದರೆ ಬಾಗಿಲ ಮೇಲೆ ಭರಮಣ್ಣ ಮಾತ್ರ. ಗಂಡನಿಗೆ ಅವಳು ಇದನ್ನು ಹೇಳಿರಲಿಲ್ಲ. ಹೇಳಿದರೆ ನಗು ನಿಂತುಹೋದೀತೆಂಬ ಭಯ.

ಸ್ವಾಮಿಗಳೊಂದಿಗೆ ಬಂದಿದ್ದ ಬ್ರಹ್ಮಚಾರಿ ಸಂಜೆ ಬಿಸಿಲಿಳಿಯುವ ಮುನ್ನ ಮನೆಮನೆಗೂ ಬಂದರು. ದನಿ ಉಡುಗಿತ್ತು. "ಅರಸೀಕೆರೇಲೂ ಹೀಗೇ ಆಯ್ತಮ್ಮ. ಇವತ್ತು ಬಸದಿ ಮೆಟ್ಟಿಲಲ್ಲಿ ಕಾಲು ತಡವರಿಸಿತು. ನಾಳೆ ಆಗದಿದ್ದರೆ ನಾನು ಏನೂ ಹೇಳಲಾರೆ. ಕೈಲಿ ಹಿಡಿಯೋದು ಬೇಕಾದಷ್ಟಾಯ್ತು. ನಿಮಗೆ ಪ್ರಿಯವಾದದ್ದೊಂದನ್ನು ಬಿಟ್ಟು ನಿಂತು ನೋಡಿ."

ಬೀದಿ ಬಿಡಲು ಶುರುಮಾಡಿತು. ಒಬ್ಬರು ಬೆಲ್ಲ ಬಿಟ್ಟರು, ಒಬ್ಬರು ತುಪ್ಪ. ಪ್ರಭಾಚಂದ್ರ ಇಪ್ಪತ್ತು ವರ್ಷದ ನಶ್ಯದ ಡಬ್ಬಿಯನ್ನು ತಿಪ್ಪೆಗೆಸೆದು, ಮೂಗು ತಿಕ್ಕಿಕೊಳ್ಳುತ್ತ ಬಂದ. "ನಿಂದೇನೇ?"

ಕಾಂಚನಮಾಲೆ ಬಾಗಿಲ ಕಡೆ ನೋಡಿದಳು. ನನಗೆ ಪ್ರಿಯವಾದದ್ದು ಏನುಳಿದಿದೆ ಎಂದುಕೊಂಡಳು. ಉಳಿದದ್ದು ಗೊತ್ತಿತ್ತು. ಬಾಗಿಲಲ್ಲಿ ಒಬ್ಬರು ಹಸಿದು ನಿಂತಿದ್ದಾರೆ, ನಾನು ಸತ್ತವನ ನಗುವನ್ನು ಹಿಡಿದುಕೊಂಡಿದ್ದೇನೆ.

ಬಿಸಿನೀರು ತಂದಳು. ಬಟ್ಟೆ ಅದ್ದಿ ಒತ್ತಿದಳು. ಮಗ ಮೈದಾ ಕುದಿಸಿ ಹಚ್ಚಿದ ಅಂಟು; ಸುಲಭಕ್ಕೆ ಬಿಡಲಿಲ್ಲ. ದೋಸೆಯ ಸಟ್ಟುಗದಿಂದ ಕೆರೆದಳು. ಮೊದಲು ಎಲೆ, ಆಮೇಲೆ ಹೊಟ್ಟೆ, ಕೊನೆಗೆ ಮುಖ. ಪ್ರಭಾಚಂದ್ರ ಏನೋ ಹೇಳಲು ಬಂದವನು ತಾನೂ ಚಿತ್ರದ ಒಂದು ಮೂಲೆ ಹಿಡಿದ.

ಮರುದಿನ ಪತ್ರಿಕೆ ಬಂತು. ಮೂರು ಚೌಕವನ್ನೂ ಓದಿದಳು. ಮನೆ ಮೌನವಾಗಿತ್ತು.

ಆಹಾರದ ಹೊತ್ತಿಗೆ ಗಂಡಹೆಂಡತಿ ಮಡಿಯುಟ್ಟು, ಬಲಗೈಯಲ್ಲಿ ಮಾದಲಹಣ್ಣು ಹಿಡಿದು ಹೊಸ್ತಿಲಲ್ಲಿ ನಿಂತರು. ಬೀದಿಯ ಒಂದೊಂದೇ ಕೂಗು ಹತ್ತಿರವಾಗಿ, ಸೋತು, ನಿಂತಿತು. ಸ್ವಾಮಿಗಳು ಅವರೆದುರು ಬಂದು ತಲೆಯೆತ್ತಿದರು. ನೋಡಿದರು. ನಿಂತೇ ಇದ್ದರು.

ನಿಂತರು!

ಕಾಂಚನಮಾಲೆಗೆ ಪ್ರದಕ್ಷಿಣೆ ಬಂದದ್ದು, ಪಾದ ತೊಳೆದದ್ದು ಯಾವುದೂ ನೆನಪಿಲ್ಲ. ಒಡ್ಡಿದ ಬೊಗಸೆಗೆ ನೀರು ಬಿಡುವಾಗ ಮಾತ್ರ ಕಂಡಳು: ಬೆರಳುಗಳ ಸಂದಿಯಿಂದ ಒಂದು ಹನಿಯೂ ಚೆಲ್ಲಲಿಲ್ಲ. ಅನ್ನ, ಹೆಸರುಬೇಳೆ, ಹಾಲು. ಹೊರಗೆ ಬೀದಿಗೆ ಬೀದಿಯೇ ಉಸಿರುಬಿಟ್ಟಿತು.

ಮಧ್ಯಾಹ್ನ ಬಸದಿಯಲ್ಲಿ ಪ್ರಭಾಚಂದ್ರನಿಗೆ ತಡೆಯಲಾಗಲಿಲ್ಲ. "ಮಾದಲಹಣ್ಣು ತಾನೇ ಸ್ವಾಮೀ ಗುರುತು? ನಾನು ನಿನ್ನೆಯೇ ಹೇಳಿದ್ದೆ ಇವಳಿಗೆ."

ಸ್ವಾಮಿಗಳು ಮುಗುಳ್ನಕ್ಕರು. "ಹಣ್ಣಲ್ಲ. ಬಾಗಿಲು. ಭರಮಣ್ಣನಿಲ್ಲದ ಬಾಗಿಲು."

ಕಾಂಚನಮಾಲೆ ಒಂದು ಹೆಜ್ಜೆ ಮುಂದೆ ಬಂದಳು. "ಅವನು ನಗಿಸೋನು ಸ್ವಾಮೀ. ನನ್ನ ಮಗನ್ನ ಕೊನೇವರೆಗೂ ನಗಿಸ್ದೋನು. ಅವನು ನಿಮಗೇನು ಮಾಡ್ದ?"

ಸ್ವಾಮಿಗಳು ತಮ್ಮ ಬಲಗೈಯನ್ನು ನೋಡಿಕೊಂಡರು.

"ಏನೂ ಮಾಡಿಲ್ಲ, ತಾಯೀ. ಅವನನ್ನು ಬರೆಯುವುದನ್ನು ಬಿಟ್ಟು ಬಂದು ಏಳು ವರ್ಷವಾಯಿತು. ಕಂಡರೆ ಈ ಕೈ ಇನ್ನೂ ಮಸಿ ಹುಡುಕುತ್ತದೆ."