ಚೋಯ್ ಕೆಮ್ಮುವುದಿಲ್ಲ

ಉತ್ತರದ ಗಾಳಿ ಆಗಷ್ಟೇ ಶುರುವಾಗಿತ್ತು. ಕಡಲ ದಂಡೆಯ ಶಾಜಿಂಗ್‌ನ ಬೀದಿಗಳಲ್ಲಿ ಸಿಂಪಿಯ ಮಾಂಸ ಒಣಹಾಕುವ ಕಾಲ, ಮಧ್ಯಾಹ್ನದ ಹೊತ್ತು. ಸಾವ್‌ಲಿನ್ ಪುನ್‌ನ ಅಂಗಡಿಗೆ ನುಗ್ಗಿ ಸೀಸೆಯೊಂದನ್ನು ಮೇಜಿನ ಮೇಲೆ ಕುಕ್ಕಿದಳು.

"ಇದನ್ನ ಎಳೆದು ಗಂಟಲಿಗೆ ಉಪ್ಪುಕಾಗದ ತಿಕ್ಕಿದ ಹಾಗಾಗಿದೆ."

ಪುನ್ ಇ-ಸಿಗರೇಟಿನ ದ್ರವ ಬೆರೆಸಿ ಮಾರುವವನು. ಗಿರಾಕಿ ಬೈದಷ್ಟೂ ಅವನ ನಗು ಅಗಲವಾಗುತ್ತಿತ್ತು. "ಅದರಲ್ಲಿ ಗ್ಲೈಕಾಲ್ ಜಾಸ್ತಿ ಅಕ್ಕ. ತೆಳು. ಗಂಟಲಿಗೆ ಒದೀಲಿ ಅಂತಾನೇ ಹಾಕೋದು. ಸಿಗರೇಟು ಬಿಟ್ಟವರಿಗೆ ಆ ಒದೆ ಬೇಕು. ಬಾಯಿ ಒಣಗುತ್ತೆ, ನೀರು ಕುಡೀರಿ."

"ಹೋದ ತಿಂಗಳು ಕೊಟ್ಟಿದ್ದು?"

"ಅದು ಗ್ಲಿಸರಿನ್. ಮಂದ, ಸಿಹಿ. ಮೆತ್ತಗೆ ಇಳಿಯುತ್ತೆ."

"ಇಳೀತು. ಇಳಿದು ಅಲ್ಲೇ ಮನೆ ಮಾಡ್ಕೊಂಡಿತು. ಬೆಳಿಗ್ಗೆ ಎದ್ದರೆ ಬರೀ ಕಫ. ಗೋಂದಿನೊಳಗೆ ನಿಂತು ಹಾಡಿದ ಹಾಗೆ."

ಸಾವ್‌ಲಿನ್ ಬೀದಿಯ ಸಂಗೀತ ನಾಟಕದ ಮೇಳದಲ್ಲಿ ನಾಯಕಿಯ ಪಾತ್ರದವಳು. ಸ್ವರ ಉಳಿಯಲಿ ಎಂದೇ ಸಿಗರೇಟು ಬಿಟ್ಟು ಇದನ್ನು ಹಿಡಿದಿದ್ದಳು. ಚಳಿಗಾಲದ ಸಂಕ್ರಮಣದ ಸಂಜೆ ಆಟವಿತ್ತು. ಅಂದು ಸ್ವರ ಒಡೆದರೆ ಪಾತ್ರ ತನ್ನ ಸೊಸೆಗೆ ಎಂದು ಮೇಳದ ಗುರು ಎಲ್ಲರೆದುರು ಹೇಳಿಬಿಟ್ಟಿದ್ದ.

"ದ್ರವದ ತಪ್ಪಲ್ಲ ಅಕ್ಕ, ನಿಮ್ಮ ಮೈಯ ಉಷ್ಣ," ಎಂದ ಪುನ್. ಆಮೇಲೆ, ಎಲ್ಲ ಗಿರಾಕಿಗಳಿಗೂ ಮಾಡುವಂತೆ, ಮೂಲೆಯತ್ತ ಬೆರಳು ತೋರಿಸಿದ. "ಅವರನ್ನ ನೋಡಿ. ಬೆಳಿಗ್ಗೆಯಿಂದ ಎಳೀತಾ ಇದ್ದಾರೆ. ಒಂದು ಸಲ ಕೆಮ್ಮಿದ್ರಾ?"

ಮೂಲೆಯಲ್ಲಿ ಚೋಯ್ ಕೂತಿದ್ದ. ಆ ಬೀದಿಯ ಪದ್ಧತಿ ಅದು. ಪ್ರತಿ ಅಂಗಡಿಗೂ ಒಬ್ಬ ರುಚಿಗಾರ. ಹೊಸ ಸರಕನ್ನು ಮೊದಲು ಅವನು ಎಳೆಯಬೇಕು, ಖರೀದಿಗೆ ಬಂದವರು ಚಹಾ ಹಿಡಿದು ನೋಡುತ್ತ ಕೂರಬೇಕು. ಅವನು ಕೆಮ್ಮಿದರೆ ವ್ಯಾಪಾರ ಮುರಿಯಿತು. ಉಳಿದ ಅಂಗಡಿಗಳ ರುಚಿಗಾರರು ಒಂದು ಬೇಸಿಗೆ ಕಳೆಯುವುದರೊಳಗೆ ಗಂಟಲು ಕೆಟ್ಟು ಊರಿಗೆ ಹೋಗುತ್ತಿದ್ದರು. ಚೋಯ್ ಮಾತ್ರ ವರ್ಷಗಳಿಂದ ಕಲ್ಲಿನಂತೆ ಕೂತಿದ್ದ. ಪುನ್ ಅವನನ್ನು ಎಲ್ಲಿಂದ ಹಿಡಿದು ತಂದನೆಂದು ಯಾರೂ ಕೇಳಲಿಲ್ಲ.

ನೋಡಿದರೆ ಮರ್ಯಾದೆ ಕೊಡಬೇಕೆನಿಸುವ ಆಸಾಮಿಯೇ ಅಲ್ಲ. ಹಿಂದೆ ಸಿಂಪಿ ಕೀಳುತ್ತಿದ್ದವನು, ಈಗ ನೀರೆಂದರೆ ಹೆದರಿಕೆ. ನಾಲ್ಕು ಹನಿ ಬಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ. ಬೆವರಿಳಿಯುವ ಸೆಖೆಯಲ್ಲೂ ಕೊರಳಿಗೆ ಮದುಮಗನಂತೆ ವಸ್ತ್ರ ಸುತ್ತಿಕೊಂಡಿರುತ್ತಿದ್ದ. ಆಡುವುದು ಎರಡೇ ಮಾತು, ಅದನ್ನೂ ತೇಗುತ್ತ. "ಊಟ ಜಾಸ್ತಿ ಆಯ್ತೇನೋ ದೊಡ್ಡಪ್ಪ," ಎಂದು ಖರೀದಿದಾರರು ನಗುತ್ತಿದ್ದರು. ಬಿಸಿ ಚಹಾ ಕೊಟ್ಟರೆ ಎಲ್ಲರೂ ಊದಿ ಕುಡಿಯುತ್ತಿದ್ದರು, ಇವನು ಅದು ಆರುವವರೆಗೂ ಬಟ್ಟಲನ್ನೇ ದುರುಗುಟ್ಟಿ ನೋಡುತ್ತ ಕೂರುತ್ತಿದ್ದ. ಒಮ್ಮೆ ಪಕ್ಕದ ಮನೆಯ ಬುಟ್ಟಿಯಲ್ಲಿ ಸಿಂಪಿ ಕೊಳೆತು ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡಿತು. ಇವನು ಆ ಬುಟ್ಟಿಯ ಪಕ್ಕದಲ್ಲೇ ಕೂತು ಕಲ್ಲಂಗಡಿ ಬೀಜ ತಿನ್ನುತ್ತಿದ್ದ. ಇಂಥವನು ರುಚಿಗಾರ.

ಎಳೆಯುವುದನ್ನಂತೂ ನೋಡಬೇಕಿತ್ತು. ಕೆನ್ನೆ ಗುಳಿಬೀಳುವಂತೆ ಎಳೆದು ಬಾಯಿಂದಲೇ ಬಿಡುತ್ತಿದ್ದ. ಮೂಗಿನಿಂದ ಒಂದೆಳೆ ಹೊಗೆ ಬಂದದ್ದನ್ನು ಕಂಡವರಿಲ್ಲ. ಅದಕ್ಕೂ ಪುನ್ ಹತ್ತಿರ ಉತ್ತರವಿತ್ತು: "ಮೂಗಿಂದ ಬಿಡೋದು ಹುಡುಗರ ಚೇಷ್ಟೆ."

ಅವನು ಎಳೆಯುವ ಇ-ಸಿಗರೇಟಿನ ಕಡ್ಡಿಯೊಳಗೆ ಬರೀ ನೀರಿದೆ ಎಂದು ಎದುರಂಗಡಿಯವನಿಗೆ ಅನುಮಾನ. ಒಂದು ದಿನ ಚೋಯ್‌ನ ಕೈಯಿಂದಲೇ ಕಸಿದು ಎಳೆದ. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಅಂದಿನಿಂದ ಪುನ್‌ನ ಸರಕು ಇನ್ನಷ್ಟು ಓಡಿತು.

ಸಂಕ್ರಮಣದ ಬೆಳಿಗ್ಗೆ ಸಾವ್‌ಲಿನ್ ಮತ್ತೆ ಬಂದಳು. ಮಾತು ಕರಕರ ಎನ್ನುತ್ತಿತ್ತು. ಹೊರಗೂರಿನ ಇಬ್ಬರು ಖರೀದಿದಾರರು ಚಹಾ ಕುಡಿಯುತ್ತಿದ್ದರು. ಅವರಿಗೂ ಕೇಳಲೆಂದು ಪುನ್ ಹೊಸ ಸೀಸೆಯೊಂದನ್ನು ಮುಂದಿಟ್ಟು ಗಟ್ಟಿಯಾಗಿಯೇ ಹೇಳಿದ.

"ಗ್ಲೈಕಾಲ್ ಅರ್ಧ, ಗ್ಲಿಸರಿನ್ ಅರ್ಧ. ನಿಮಗೋಸ್ಕರಾನೇ ಬೆರೆಸಿದ್ದು. ಸಂಜೆವರೆಗೂ ಎಳೀತಾ ಇರಿ, ಕಫಾನ ಕಿತ್ತು ಹಾಕುತ್ತೆ."

"ನಿಮ್ಮ ಮಾತು ಸಾಕು," ಎಂದು ಸಾವ್‌ಲಿನ್ ಮೂಲೆಗೆ ತಿರುಗಿದಳು. "ದೊಡ್ಡಪ್ಪ, ನಿಮ್ಮನ್ನ ನಂಬಿಯೇ ನಾನು ಇದನ್ನ ಮುಟ್ಟಿದ್ದು. ನಿಜ ಹೇಳಿ. ನಿಮ್ಮ ಗಂಟಲಿಗೆ ಇದು ಏನೂ ಮಾಡಿಲ್ವಾ?"

"ಇಲ್ಲ." ತೇಗು. "ಏನೂ ಮಾಡಿಲ್ಲ."

ಖರೀದಿದಾರರು ತಲೆಯಾಡಿಸಿದರು. ಸಾವ್‌ಲಿನ್ ಕಡ್ಡಿಯನ್ನು ತುಟಿಗಿಟ್ಟಳು.

"ಸಂಜೆ... ಹಾಡ್ತೀಯಾ?" ಎಂದ ಚೋಯ್.

"ಹಾಡಲೇಬೇಕು ದೊಡ್ಡಪ್ಪ. ಹಾಡೋದು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ?"

ಚೋಯ್ ಎದ್ದ. ಅವಳ ಬಾಯಿಂದ ಕಡ್ಡಿಯನ್ನು ತೆಗೆದು ಮೇಜಿನ ಮೇಲಿಟ್ಟ. ಅವಳ ಬೆರಳುಗಳನ್ನು ಹಿಡಿದು ತನ್ನ ಕೊರಳವಸ್ತ್ರದೊಳಗೆ ತೂರಿಸಿದ.

"ಕೂತ್ಕೊಳ್ಳಿ ದೊಡ್ಡಪ್ಪ," ಎಂದ ಪುನ್. ಮುಖದ ಮೇಲಿನ ನಗು ಹೋಗಿತ್ತು.

ಸಾವ್‌ಲಿನ್ ಕಾದ ಬಾಣಲೆ ಮುಟ್ಟಿದಂತೆ ಕೈ ಎಳೆದುಕೊಂಡಳು. ಸೀಸೆಯನ್ನು ಅಲ್ಲೇ ಬಿಟ್ಟು, ಪುನ್‌ನ ಮುಖ ನೋಡದೆ ಹೊರಗೆ ನಡೆದಳು. ಆ ಸಂಜೆ ಹಾಡಿದಳು. ಎತ್ತರದಲ್ಲಿ ಸ್ವರ ಒರಟಾಯಿತು, ಒಡೆಯಲಿಲ್ಲ.

ಚೋಯ್ ಅಂಗಡಿ ಬಿಟ್ಟುಹೋದದ್ದೂ ಅದೇ ಸಂಕ್ರಮಣದ ಬೆಳಿಗ್ಗೆ, ಮನೆಮನೆಯಲ್ಲೂ ಅಕ್ಕಿಹಿಟ್ಟಿನ ಉಂಡೆ ಬೇಯುವ ಮುಂಚೆ. ವಸ್ತ್ರವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಖರೀದಿದಾರರ ಮುಂದೆಯೇ ದಾಟಿದ. ಕೊರಳ ಬುಡದಲ್ಲಿ ಬೆರಳು ಹಿಡಿಸುವಷ್ಟು ತೂತು, ಉಸಿರೆಲ್ಲ ಅದರಲ್ಲೇ: ಸಿಗರೇಟು ಕೆಡಿಸಿದ ಧ್ವನಿಪೆಟ್ಟಿಗೆಯನ್ನು ಡಾಕ್ಟರರು ಎಂದೋ ಕತ್ತರಿಸಿ ತೆಗೆದು, ಬಾಯಿಂದ ಎದೆಗೆ ಇಳಿಯುವ ಉಸಿರಿನ ದಾರಿಯನ್ನೇ ಹೊಲಿದುಬಿಟ್ಟಿದ್ದರು.